ಅಣ್ಣನ ಕೀಬೋರ್ಡಿನ ಪ್ರತಿ ಎತ್ತಿದ ಕಥೆ

ಎರಡು ವರ್ಷಗಳ ಹಿಂದೆ, ಆಟಿ ತಿಂಗಳಿನ ಒಂದು ಮಧ್ಯಾಹ್ನ. ಮಳೆ ತುಸು ಬಿಟ್ಟಿತ್ತು. ತೀರಿಹೋದ ಅಣ್ಣನ ಕೀಬೋರ್ಡಿಗೆ ಹೊದಿಸಿದ್ದ ಹಳೆಯ ಪಂಚೆಯನ್ನು ತೆಗೆದು, ಧೂಳು ಒರಸಿ, ಅದನ್ನು ಕರೆಂಟಿಗೆ ಜೋಡಿಸಿದೆ. ಸಣ್ಣ ಪರದೆಯಲ್ಲಿ ಬೆಳಕು ಬಂತು. ಬಂದ ಮೊದಲ ಮಾತು ಮಾತ್ರ ಶುಭವಾರ್ತೆಯಾಗಿರಲಿಲ್ಲ. ಒಳಗಿನ ಬ್ಯಾಟರಿ ಮುಗಿಯುತ್ತ ಬಂದಿದೆ ಎಂಬ ಎಚ್ಚರಿಕೆ ಅದು.

ನಾನು ಅದನ್ನು ತೆಗೆದದ್ದಕ್ಕೆ ಕಾರಣವಿತ್ತು. ನಾನು ಕೆಲಸ ಮಾಡಿ ನಿವೃತ್ತನಾದ ಕನ್ನಡ ಶಾಲೆಯ ಹಳೆಯ ವಿದ್ಯಾರ್ಥಿಗಳು ಒಂದು ಸಮಾರಂಭ ಇರಿಸಿಕೊಂಡಿದ್ದರು. ತೊಂಬತ್ತರ ದಶಕದಲ್ಲಿ ತಾವು ಹಾಡುತ್ತಿದ್ದ ಪ್ರಾರ್ಥನೆಯನ್ನು ಅದೇ ಹಿಮ್ಮೇಳದೊಂದಿಗೆ ಮತ್ತೆ ಹಾಡಬೇಕೆಂಬುದು ಅವರ ಆಸೆ. ಹಿಮ್ಮೇಳ ಕಟ್ಟಿದವನು ನನ್ನ ಅಣ್ಣ. ಅದರ ಕ್ಯಾಸೆಟ್ಟು ಶಾಲೆಯ ಕಪಾಟಿನಲ್ಲಿ ಬೂಸ್ಟು ಹಿಡಿದು ಹಾಳಾಗಿತ್ತು. ಹಾಗಾಗಿ ಉಳಿದದ್ದು ಈ ಕೀಬೋರ್ಡಿನ ಹೊಟ್ಟೆಯೊಳಗೆ ಇದ್ದದ್ದು ಮಾತ್ರ. ಆ ಹೊಟ್ಟೆಯನ್ನು ಜೀವಂತವಾಗಿ ಇರಿಸಿದ್ದು ಒಂದು ರೂಪಾಯಿ ನಾಣ್ಯದಷ್ಟು ಅಗಲದ ಬ್ಯಾಟರಿ!

ಆ ಹಾಡುಗಳನ್ನು ಕಂಪ್ಯೂಟರಿಗೆ ದಾಟಿಸಲು ನಾವು ಪಟ್ಟ ಪಾಡೂ, ಅದರ ಹಿಂದಿರುವ ನಲವತ್ತೈದು ಐವತ್ತು ವರ್ಷಗಳ ಚರಿತ್ರೆಯೂ ಈ ಲೇಖನದ ವಿಷಯ. ಗಲ್ಫಿನಿಂದ ಬಂದ ಇಂಥ ಪೆಟ್ಟಿಗೆಗಳು ಗಡಿನಾಡಿನ ಇನ್ನೂ ಹಲವು ಮನೆಗಳಲ್ಲಿ ಇರುವುದರಿಂದ ಇದು ನನ್ನ ಮನೆಯ ಕಥೆ ಮಾತ್ರ ಅಲ್ಲವೆಂದು ಭಾವಿಸಿದ್ದೇನೆ.

ನಾದವಲ್ಲ, ಬರಹ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಅದು ನನಗೂ ಇತ್ತು. ಕೀಬೋರ್ಡಿನೊಳಗೆ ಹಾಡು ಇದೆ ಎಂದರೆ ಕ್ಯಾಸೆಟ್ಟಿನಲ್ಲಿ ಇರುವ ಹಾಗೆ ಅದರ ನಾದವೇ ಅಲ್ಲಿ ಇದೆ ಎಂದು ನಾನು ಎಣಿಸಿದ್ದೆ. ಹಾಗಲ್ಲ. ಒಳಗಿರುವುದು ಬರಹ. ಯಾವ ಮನೆಯ ಸ್ವರ, ಯಾವ ಗಳಿಗೆಯಲ್ಲಿ ಒತ್ತಿದ್ದು, ಎಷ್ಟು ಬಲವಾಗಿ ಒತ್ತಿದ್ದು, ಯಾವಾಗ ಬೆರಳು ಎತ್ತಿದ್ದು, ಇಷ್ಟರ ಪಟ್ಟಿ. ಇದಕ್ಕೆ ಸೀಕ್ವೆನ್ಸ್ ಎಂದು ಹೆಸರು; ಅದನ್ನು ಬರೆದಿಟ್ಟು ಓದುವ ಯಂತ್ರ ಸೀಕ್ವೆನ್ಸರ್. ಬರಹವನ್ನು ಓದಿ ನಾದ ಹೊರಡಿಸುವುದು ಸಿಂಥಸೈಸರಿನ ಕೆಲಸ.

ಯಕ್ಷಗಾನದ ಊರಿನವರಾದ ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಪ್ರಸಂಗಗಳ ಓಲೆಗರಿಗಳನ್ನು, ಆಮೇಲೆ ಕೈಬರಹದ ಪುಸ್ತಕಗಳನ್ನು ಪ್ರತಿ ಎತ್ತಿಕೊಂಡು ಬಂದವರು ನಮ್ಮ ಹಿರಿಯರು. ಪದ್ಯದ ತಲೆಯಲ್ಲಿ ರಾಗ ಇಂಥದು, ತಾಳ ಇಂಥದು ಎಂದು ಬರೆದಿರುತ್ತದೆ. ಅಷ್ಟೇ. ಆ ರಾಗವನ್ನು ಎಲ್ಲಿ ಎಳೆಯಬೇಕು, ಎಲ್ಲಿ ಏರಿಸಬೇಕು ಎಂಬುದು ಭಾಗವತರ ಕಂಠದಲ್ಲಿ ಇರುತ್ತದೆಯೇ ಹೊರತು ಗರಿಯಲ್ಲಿ ಅಲ್ಲ. ಗರಿಯ ಪ್ರತಿ ಎತ್ತಿದ ಮಾತ್ರಕ್ಕೆ ಪದ ಹೇಳಿದಂತಾಗಲಿಲ್ಲ. ಹಾಗೆಂದು ಪ್ರತಿ ಎತ್ತದೆ ಇದ್ದರೆ ಹೇಳುವುದಕ್ಕೆ ಪದವೇ ಇಲ್ಲ.

ಮಿಡಿಗೆ ಮೊದಲು

ಮೊದಲ ತಲೆಮಾರಿನ ಸಿಂಥಸೈಸರುಗಳಿಗೆ ಸ್ವರವನ್ನು ತಿಳಿಸುತ್ತಿದ್ದದ್ದು ವಿದ್ಯುತ್ತಿನ ಒತ್ತಡದಿಂದ. ಹೆಚ್ಚಿನ ಯಂತ್ರಗಳಲ್ಲಿ ಒಂದು ವೋಲ್ಟ್ ಏರಿಸಿದರೆ ಸ್ವರ ಒಂದು ಸ್ಥಾಯಿ ಏರುತ್ತಿತ್ತು. ಎಂಟು ಅಥವಾ ಹದಿನಾರು ತಿರುಗುಗುಂಡಿಗಳನ್ನು ಸಾಲಾಗಿ ಇರಿಸಿ, ಒಂದೊಂದನ್ನೂ ಒಂದೊಂದು ಸ್ವರಕ್ಕೆ ತಿರುಗಿಸಿಟ್ಟರೆ ಯಂತ್ರ ಅವನ್ನು ಸರದಿಯಲ್ಲಿ ನುಡಿಸುತ್ತಿತ್ತು. ಗುಂಡಿ ಕದಲಿತೋ ಹಾಡು ಹೋಯಿತು. ಅದನ್ನು ಉಳಿಸುವ ದಾರಿ ಎಂದರೆ ಗುಂಡಿಗಳ ಸ್ಥಾನವನ್ನು ಕಾಗದದಲ್ಲಿ ಬರೆದುಕೊಳ್ಳುವುದು. ಭಾರತಕ್ಕೆ ಈ ಜಾತಿಯ ಸಿಂಥಸೈಸರು ಬೇಗನೆ ಬಂದಿತ್ತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರು ಒಂದು ಮೂಗ್ ಸಿಂಥಸೈಸರನ್ನು ಸ್ಥಾಪಿಸಿದ್ದರು.

1977ರಲ್ಲಿ ಜಪಾನಿನ ರೋಲಾಂಡ್ ಕಂಪೆನಿ ಎಂಸಿ-8 ಎಂಬ ಯಂತ್ರವನ್ನು ಹೊರತಂದಿತು. ಕೆನಡಾದ ರಾಲ್ಫ್ ಡೈಕ್ ಎಂಬವರು ಮಾಡಿದ್ದ ಮಾದರಿಯಿಂದ ಅದು ಬೆಳೆದದ್ದು. ಅದರಲ್ಲಿ ಬಾರಿಸುವ ಮನೆಗಳಿಲ್ಲ. ಲೆಕ್ಕದ ಯಂತ್ರದಲ್ಲಿ ಇರುವಂತಹ ಅಂಕೆಗಳ ಗುಂಡಿಗಳು. ಒಂದೊಂದು ಸ್ವರಕ್ಕೂ ಅದರ ಶ್ರುತಿ, ಮುಂದಿನ ಸ್ವರದವರೆಗಿನ ಕಾಲ, ನಾದ ಹೊರಡುವ ಕಾಲ ಎಂದು ಮೂರು ಸಂಖ್ಯೆಗಳನ್ನು ಒತ್ತಬೇಕು. ಹೀಗೆ ಸಾವಿರಾರು ಸ್ವರಗಳನ್ನು ತುಂಬಿಸಿ ಕ್ಯಾಸೆಟ್ಟಿನಲ್ಲಿ ಉಳಿಸಬಹುದಾಗಿತ್ತು. ಜಪಾನಿನ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ ತಂಡದ ಜತೆ ಹಿದೇಕಿ ಮತ್ಸುತಾಕೆ ಎಂಬವರು ಇದೇ ಕೆಲಸಕ್ಕಾಗಿ ದುಡಿದರು. ತಾಳೆಗರಿಯನ್ನು ಕೊರೆಯುವ ಲಿಪಿಕಾರರಿಗೆ ಇದ್ದ ತಾಳ್ಮೆ ಈ ಕೆಲಸಕ್ಕೂ ಬೇಕಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಮುಂಬಯಿಯಲ್ಲಿ ಸಿನೆಮಾ ವಾದ್ಯಗಾರರಾಗಿದ್ದ ಚರಣ್‌ಜಿತ್ ಸಿಂಗ್ ಅವರು 1982ರಲ್ಲಿ ಇಂಥ ಯಂತ್ರಗಳಿಂದಲೇ ಹತ್ತು ರಾಗಗಳ ಒಂದು ಗ್ರಾಮಫೋನ್ ತಟ್ಟೆ ಮಾಡಿದರು. ರೋಲಾಂಡಿನ ಜ್ಯೂಪಿಟರ್-8, ಟಿಬಿ-303 ಎಂಬ ಮಂದ್ರದ ಪೆಟ್ಟಿಗೆ, ಟಿಆರ್-808 ಎಂಬ ತಾಳದ ಪೆಟ್ಟಿಗೆ, ಇವು ಮೂರನ್ನು ಒಂದೇ ಲಯದಲ್ಲಿ ಓಡಿಸಿದ್ದರು. ಆ ಕಾಲಕ್ಕೆ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಅದು ಮರುಮುದ್ರಣವಾದ ಮೇಲೆ ಪ್ರಪಂಚದ ಸಂಗೀತಗಾರರು ಬೆರಗಾದರು. 2015ರಲ್ಲಿ ಅವರು ತೀರಿಕೊಂಡರು. ಟಿಬಿ-303ರಲ್ಲಿ ಬರೆದ ಸ್ವರಗಳು ಉಳಿಯುತ್ತಿದ್ದದ್ದು ಟಾರ್ಚಿಗೆ ಹಾಕುವಂತಹ ಬ್ಯಾಟರಿಗಳ ಬಲದಿಂದ. ಬ್ಯಾಟರಿ ಹೋದರೆ ಬರಹವೂ ಹೋಗುತ್ತಿತ್ತು. ಅವರ ರಾಗಗಳು ನಮಗೆ ಸಿಕ್ಕಿದ್ದು ಆ ಪೆಟ್ಟಿಗೆಯ ನೆನಪಿನಿಂದಲ್ಲ, ತಟ್ಟೆಯಿಂದ.

ಹದಿನಾರು ದಾರಿಯ ಒಂದು ತಂತಿ

ಎಂಬತ್ತರ ದಶಕದ ಆರಂಭದಲ್ಲಿ ದೊಡ್ಡ ತೊಡಕೆಂದರೆ ಒಂದು ಕಂಪೆನಿಯ ಯಂತ್ರದ ಮಾತು ಇನ್ನೊಂದು ಕಂಪೆನಿಯ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಎರಡು ಭಾಷೆಯ ನಡುವೆ ಬದುಕುವ ನಮಗೆ ಆ ಕಷ್ಟ ಏನೆಂದು ಗೊತ್ತು. ರೋಲಾಂಡಿನ ಸ್ಥಾಪಕ ಇಕುತಾರೋ ಕಾಕೆಹಾಶಿ ಅವರು ಇದಕ್ಕೆ ಒಂದು ಸಾಮಾನ್ಯ ಭಾಷೆ ಬೇಕೆಂದು ಹೊರಟರು. ಹುಡುಗಾಟದ ಪ್ರಾಯದಲ್ಲಿಯೇ ಗಡಿಯಾರ ರಿಪೇರಿಯ ಅಂಗಡಿ ಇಟ್ಟು ಬದುಕು ಕಟ್ಟಿಕೊಂಡವರು ಅವರು. ಅಮೆರಿಕದಲ್ಲಿ ಸೀಕ್ವೆನ್ಶಿಯಲ್ ಸರ್ಕಿಟ್ಸ್ ಎಂಬ ಸಣ್ಣ ಕಂಪೆನಿಯ ಡೇವ್ ಸ್ಮಿತ್, ತನ್ನ ಸಹೋದ್ಯೋಗಿ ಚೆಟ್ ವುಡ್ ಅವರೊಡನೆ 1981ರಲ್ಲಿ ಧ್ವನಿ ಎಂಜಿನಿಯರುಗಳ ಸಭೆಯ ಮುಂದೆ ಇಂಥದೇ ಒಂದು ಪ್ರಸ್ತಾವ ಇಟ್ಟರು. ಯಮಾಹಾ, ಕೋರ್ಗ್, ಕವಾಯಿ ಕಂಪೆನಿಗಳೂ ಸೇರಿದವು. 1983ರ ಜನವರಿಯಲ್ಲಿ ಅಮೆರಿಕದ ವಾದ್ಯ ವ್ಯಾಪಾರಿಗಳ ಮೇಳದಲ್ಲಿ ಸ್ಮಿತ್ ಅವರ ಪ್ರಾಫೆಟ್-600 ಮತ್ತು ರೋಲಾಂಡಿನ ಜ್ಯೂಪಿಟರ್-6 ಎಂಬ ಎರಡು ವಾದ್ಯಗಳನ್ನು ಒಂದು ತಂತಿಯಿಂದ ಜೋಡಿಸಿ ತೋರಿಸಿದರು. ಒಂದನ್ನು ಬಾರಿಸಿದರೆ ಇನ್ನೊಂದೂ ನುಡಿಯಿತು. ಆ ಭಾಷೆಗೆ ಮಿಡಿ ಎಂದು ಹೆಸರಾಯಿತು.

ಅದರ ಒಡೆತನವನ್ನು ಯಾರೂ ಇಟ್ಟುಕೊಳ್ಳಲಿಲ್ಲ, ಬಳಸುವವರಿಂದ ಶುಲ್ಕ ಕೇಳಲಿಲ್ಲ. ಅದು ಇಷ್ಟು ಕಾಲ ಉಳಿದದ್ದಕ್ಕೆ ಇದೇ ದೊಡ್ಡ ಕಾರಣವೆಂದು ನನಗೆ ತೋರುತ್ತದೆ. ಸ್ಮಿತ್ ಮತ್ತು ಕಾಕೆಹಾಶಿ ಅವರಿಬ್ಬರಿಗೂ 2013ರಲ್ಲಿ ತಾಂತ್ರಿಕ ಸಾಧನೆಯ ಗ್ರ್ಯಾಮಿ ಗೌರವ ಬಂತು. ಕಾಕೆಹಾಶಿ 2017ರಲ್ಲಿ, ಸ್ಮಿತ್ 2022ರಲ್ಲಿ ತೀರಿಕೊಂಡರು.

ಮಿಡಿಯ ತಂತಿಯ ತುದಿಯಲ್ಲಿ ಐದು ಕಡ್ಡಿಗಳಿರುತ್ತವೆ. ಸೆಕೆಂಡಿಗೆ 31,250 ಬಿಟ್‌ಗಳ ವೇಗ. ಒಂದು ಸ್ವರದ ಆರಂಭವನ್ನು ತಿಳಿಸಲು ಮೂರು ಸಣ್ಣ ಸಂಖ್ಯೆಗಳು ಸಾಕು. ಅವು ದಾಟುವುದಕ್ಕೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಒಂದೇ ತಂತಿಯಲ್ಲಿ ಹದಿನಾರು ದಾರಿಗಳು. ಒಂದರಲ್ಲಿ ಕೊಳಲು, ಇನ್ನೊಂದರಲ್ಲಿ ತಬಲಾ, ಮತ್ತೊಂದರಲ್ಲಿ ವಯಲಿನ್ ಎಂದು ಹಂಚಬಹುದು. ಕಾಲವನ್ನು ಹೊಂದಿಸಲು ಪ್ರತಿ ಮಾತ್ರೆಗೆ 24 ಬಾರಿ ಗಡಿಯಾರದ ಟಿಕ್ ಎಂಬಂತೆ ಒಂದು ಸೂಚನೆ ಹೋಗುತ್ತಿರುತ್ತದೆ.

1985ರಲ್ಲಿ ಬಂದ ಅಟಾರಿ ಎಸ್‌ಟಿ ಎಂಬ ಕಂಪ್ಯೂಟರಿನ ಮೈಯಲ್ಲಿಯೇ ಮಿಡಿಯ ತೂತುಗಳಿದ್ದವು. ಜರ್ಮನಿಯ ಸ್ಟೈನ್‌ಬರ್ಗ್ ಕಂಪೆನಿಯ ಕ್ಯೂಬೇಸ್ 1989ರಲ್ಲಿ ಹೊರಬಂದದ್ದು ಅದೇ ಕಂಪ್ಯೂಟರಿಗೆ. ಪರದೆಯ ಮೇಲೆ ಎಡದಿಂದ ಬಲಕ್ಕೆ ಕಾಲ, ಮೇಲಿನಿಂದ ಕೆಳಕ್ಕೆ ವಾದ್ಯಗಳು ಎಂದು ಹಾಡನ್ನು ಹಾಸಿ ತೋರಿಸುವ ಕ್ರಮ ಅದರಿಂದ ಜನಪ್ರಿಯವಾಯಿತು. ಒಂದು ಸಾಫ್ಟ್‌ವೇರಿನಲ್ಲಿ ಬರೆದದ್ದನ್ನು ಇನ್ನೊಂದು ಓದುವಂತೆ ಮಿಡಿ ಕಡತದ ಸಾಮಾನ್ಯ ರೂಪವೂ ನಿಗದಿಯಾಯಿತು. 1991ರಲ್ಲಿ ಬಂದ ಜನರಲ್ ಮಿಡಿ ಎಂಬ ಒಪ್ಪಂದವು ವಾದ್ಯಗಳಿಗೆ 1ರಿಂದ 128ರ ವರೆಗೆ ಸಂಖ್ಯೆ ಕೊಟ್ಟಿತು. 1 ಪಿಯಾನೊ, 74 ಕೊಳಲು, 105 ಸಿತಾರ್, 112 ಶಹನಾಯಿ ಎಂದು ಎಲ್ಲ ಯಂತ್ರಗಳಿಗೂ ಒಂದೇ ಪಟ್ಟಿ. 1991ಕ್ಕೆ ಮೊದಲಿನ ಯಂತ್ರಗಳಿಗೆ ಮಾತ್ರ ಈ ಪಟ್ಟಿ ಗೊತ್ತಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಅದು ನಮ್ಮನ್ನು ಕಾಡಲಿದೆ.

ನಮ್ಮ ಕಡೆಗೆ ಬಂದ ಬಗೆ

ದಕ್ಷಿಣದ ಸಿನೆಮಾದಲ್ಲಿ ಈ ಹೊಸ ವಿದ್ಯೆ ಜನರ ಕಿವಿಗೆ ಬಿದ್ದದ್ದು ಇಳೆಯರಾಜ ಅವರ ಸಂಗೀತವಿದ್ದ 1986ರ ‘ಪುನ್ನಗೈ ಮನ್ನನ್’ ಚಿತ್ರದ ಹೊತ್ತಿಗೆ. ಆಮೇಲೆ 1992ರಲ್ಲಿ ‘ರೋಜಾ’ ಬಂತು. ಎ.ಆರ್. ರಹಮಾನ್ ಅವರ ತಂದೆ ಆರ್.ಕೆ. ಶೇಖರ್ ಮಲಯಾಳ ಚಿತ್ರಗಳ ಸಂಗೀತಗಾರರು. ರಹಮಾನ್ ಬಾಲ್ಯದಲ್ಲಿ ಎಂ.ಕೆ. ಅರ್ಜುನನ್ ಅವರ ವಾದ್ಯವೃಂದದಲ್ಲಿ ನುಡಿಸಿದವರು. ಹತ್ತು ಜನ ಕೂತು ನುಡಿಸುವುದನ್ನು ಒಬ್ಬನೇ ಕೋಣೆಯಲ್ಲಿ ಕೂತು ಕಟ್ಟಬಹುದೆಂಬುದು ಊರೂರಿನ ಆರ್ಕೆಸ್ಟ್ರಾ ಹುಡುಗರಿಗೂ ತಿಳಿದುಹೋಯಿತು.

ಅದೇ 1992ರಲ್ಲಿ ಅಣ್ಣ ಗಲ್ಫಿನಿಂದ ಮರಳಿದ. ಬೇರೆಯವರು ಟಿ.ವಿ., ಚಿನ್ನ, ಕಂಬಳಿ ತಂದರೆ ಇವನು ತಂದದ್ದು ಕೋರ್ಗ್ ಎಂ1 ಎಂಬ ಈ ಕೀಬೋರ್ಡು. “ಇದರ ದುಡ್ಡಿಗೆ ಅರ್ಧ ಎಕರೆ ತೋಟ ಬರುತ್ತಿತ್ತು ಮಾರಾಯ” ಎಂದು ಅಪ್ಪ ಬೇಸರ ಮಾಡಿಕೊಂಡರು. 1988ರಲ್ಲಿ ಬಂದ ಈ ವಾದ್ಯದಲ್ಲಿ ಸಿಂಥಸೈಸರ್, ತಾಳವಾದ್ಯ, ಎಂಟು ಭಾಗಗಳ ಸೀಕ್ವೆನ್ಸರ್ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಇವೆ. ಫ್ಲಾಪಿ ಇಲ್ಲ. ಹತ್ತು ಹಾಡುಗಳಿಗೆ ಜಾಗ. ಸ್ವರಗಳ ಲೆಕ್ಕದಲ್ಲಿ ಹೇಳುವುದಾದರೆ 4,400. ವಾದ್ಯದ ಬಣ್ಣಗಳನ್ನು ನೂರರಿಂದ ಐವತ್ತಕ್ಕೆ ಇಳಿಸಲು ಒಪ್ಪಿದರೆ 7,700 ಸ್ವರಗಳು. ಅಣ್ಣ ಬಣ್ಣ ಬಿಟ್ಟು ಸ್ವರವನ್ನು ಆರಿಸಿಕೊಂಡಿದ್ದ.

ಹಾಡುಗಳಿಗೆ ಹತ್ತು ಅಕ್ಷರದ ಒಳಗೆ ಹೆಸರು ಇಡಬಹುದು. ಇಂಗ್ಲಿಷ್ ಅಕ್ಷರ ಮಾತ್ರ. ‘ಭಜನೆ 1’, ‘ಭಜನೆ 2’, ‘ಓಣಂ’, ‘ಮದುವೆ’, ‘ಶಾಲೆ’ ಎಂದು ಅವನು ಕನ್ನಡಕ್ಕೂ ಮಲಯಾಳಕ್ಕೂ ಒಂದೇ ಇಂಗ್ಲಿಷ್ ಅಂಗಿ ತೊಡಿಸಿದ್ದ. ಹಗಲು ಕನ್ನಡ ಶಾಲೆಯ ವಾರ್ಷಿಕೋತ್ಸವ, ರಾತ್ರಿ ಕಾಸರಗೋಡಿನಾಚೆ ಮಲಯಾಳಿ ಮದುವೆಯ ಗಾನಮೇಳ ಎಂದು ಓಡಾಡುತ್ತಿದ್ದವನಿಗೆ ಎರಡು ಭಾಷೆಯ ಹಾಡೂ ಒಂದೇ ಪೆಟ್ಟಿಗೆಯಲ್ಲಿ ಇರುವುದು ಸಹಜವಾಗಿತ್ತು.

ಮೂರು ದಿನದ ಕೆಲಸ

ಎಚ್ಚರಿಕೆ ಕಂಡ ಕೂಡಲೇ ಕೊಚ್ಚಿಯಲ್ಲಿ ಧ್ವನಿಮುದ್ರಣದ ಕೆಲಸ ಮಾಡುವ ತಂಗಿಯ ಮಗನಿಗೆ ಫೋನು ಮಾಡಿದೆ. “ಮಾವ, ಈಗ ಅದನ್ನು ಆಫ್ ಮಾಡಬೇಡಿ. ಕರೆಂಟು ಇರುವಷ್ಟು ಹೊತ್ತು ಬ್ಯಾಟರಿಯ ಹಂಗಿಲ್ಲ. ನಾನು ನಾಳೆ ಬೆಳಗ್ಗಿನ ರೈಲಿಗೆ ಬರುತ್ತೇನೆ” ಎಂದ. ಆಟಿಯ ಮಳೆಯಲ್ಲಿ ಕರೆಂಟನ್ನು ನಂಬುವುದುಂಟೇ? ಇನ್ವರ್ಟರಿಗೆ ಜೋಡಿಸಿ ರಾತ್ರಿ ಎರಡು ಬಾರಿ ಎದ್ದು ನೋಡಿದೆ. ಅಣ್ಣ ಬದುಕಿದ್ದಾಗ ಒಮ್ಮೆ ಬ್ಯಾಟರಿ ಬದಲಾಯಿಸಿದ್ದ. ಆಗ ಹಾಡುಗಳನ್ನು ಒಂದು ಕಾರ್ಡಿಗೆ ತೆಗೆದಿಟ್ಟು ಮತ್ತೆ ತುಂಬಿದ್ದ. ಆ ಕಾರ್ಡು ಪೆಟ್ಟಿಗೆಯಲ್ಲೇ ಸಿಕ್ಕಿತು. ಆದರೆ ಕಾರ್ಡಿಗೂ ತನ್ನದೇ ಬ್ಯಾಟರಿ ಇತ್ತು; ಅದು ಸತ್ತು ಎಷ್ಟು ಕಾಲವಾಗಿತ್ತೋ!

ಅಳಿಯ ಬಂದವನೇ ಮೊದಲು ಮಾಡಿದ ಕೆಲಸ ಕೀಬೋರ್ಡಿನ ನೆನಪನ್ನೆಲ್ಲ ಒಂದು ಗಂಟಾಗಿ ಕಂಪ್ಯೂಟರಿಗೆ ಇಳಿಸಿದ್ದು. ಮಿಡಿಯಲ್ಲಿ ಪ್ರತಿ ಕಂಪೆನಿಗೂ ತನ್ನ ಖಾಸಗಿ ಮಾತು ಆಡಲು ಒಂದು ಅವಕಾಶವಿದೆ. ಆ ದಾರಿಯಿಂದ ಇಡೀ ನೆನಪು ಹೊರಗೆ ಬರುತ್ತದೆ. ಈ ಗಂಟನ್ನು ಕಂಪ್ಯೂಟರ್ ಬಿಚ್ಚಿ ಓದಲಾರದು. ಕಾಪಿಟ್ಟುಕೊಂಡು, ಬೇಕಾದಾಗ ಅದೇ ಜಾತಿಯ ಕೀಬೋರ್ಡಿಗೆ ಹಿಂದೆ ಕೊಡಬಲ್ಲದು. ಗೊತ್ತಿಲ್ಲದ ಲಿಪಿಯ ಕಡತವನ್ನು ಹಾಗೆಯೇ ಫೋಟೋ ತೆಗೆದು ಇಟ್ಟಂತೆ. ಕಡಿಮೆ ಬೆಲೆಯ ತಂತಿಯಿಂದ ಮಾಡಿದ ಮೊದಲ ಪ್ರಯತ್ನದಲ್ಲಿ ಗಂಟು ಅರ್ಧದಲ್ಲಿಯೇ ತುಂಡಾಯಿತು. ಅವನು ಕೊಚ್ಚಿಯಿಂದ ತಂದ ಬೇರೆ ಉಪಕರಣದಿಂದ ಪೂರ್ತಿಯಾಗಿ ಬಂತು. ಬಂದದ್ದು ಪೂರ್ತಿಯೋ ಎಂದು ಎರಡು ಬಾರಿ ತೆಗೆದು ಹೋಲಿಸಿ ನೋಡಿದ. ಆಮೇಲೆಯೇ ನಾವು ಕಾಫಿ ಕುಡಿದದ್ದು.

ಎರಡನೆಯ ಕೆಲಸ ಓದಬಲ್ಲ ಪ್ರತಿ ಎತ್ತುವುದು. ಇದಕ್ಕೆ ಅಡ್ಡದಾರಿ ಇಲ್ಲ. ಕೀಬೋರ್ಡು ಹಾಡನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಬೇಕು, ಕಂಪ್ಯೂಟರ್ ಕೇಳಿಸಿಕೊಂಡು ಬರೆದುಕೊಳ್ಳಬೇಕು. ಐದು ನಿಮಿಷದ ಹಾಡಿಗೆ ಐದು ನಿಮಿಷ. ಮೊದಲ ಬಾರಿ ಕೀಬೋರ್ಡು ತನ್ನ ನಡೆಯಲ್ಲಿ, ಕಂಪ್ಯೂಟರ್ ತನ್ನ ನಡೆಯಲ್ಲಿ ಹೋದವು. ಸ್ವರಗಳೇನೋ ಬಂದವು, ಆದರೆ ಆವರ್ತದ ಗೆರೆ ಒಂದು ಕಡೆ, ತಾಳದ ಪೆಟ್ಟು ಇನ್ನೊಂದು ಕಡೆ. ಆಮೇಲೆ ಕೀಬೋರ್ಡಿನ ಪರದೆಯಲ್ಲಿ ಹಾಡಿನ ವೇಗವನ್ನು ನೋಡಿ ಬರೆದುಕೊಂಡು, ಅದನ್ನೇ ಕಂಪ್ಯೂಟರಿಗೆ ಕೊಟ್ಟು, ಕಂಪ್ಯೂಟರಿನ ಗಡಿಯಾರದಂತೆ ನಡೆ ಎಂದು ಕೀಬೋರ್ಡಿಗೆ ಅಪ್ಪಣೆ ಮಾಡಿದೆವು. ಆಗ ಗೆರೆಗೆ ಗೆರೆ ಕೂಡಿತು. ಎರಡನೆಯ ಬಾರಿ ಪ್ರತಿ ಸ್ವರವೂ ಎರಡೆರಡು ಕೇಳತೊಡಗಿತು. ಕಂಪ್ಯೂಟರ್ ತಾನು ಕೇಳಿದ್ದನ್ನು ಕೀಬೋರ್ಡಿಗೆ ಹಿಂದೆ ಹೇಳುತ್ತಿತ್ತು, ಬಾವಿಗೆ ಕೂಗಿದಂತೆ. ಹಿಂದಿರುಗುವ ತಂತಿಯಲ್ಲಿ ಗಡಿಯಾರದ ಸೂಚನೆ ಮಾತ್ರ ಹೋಗಲಿ, ಸ್ವರ ಹೋಗಬಾರದು ಎಂದು ತಡೆದ ಮೇಲೆ ಸರಿಯಾಯಿತು. ಆಮೇಲೆ ಎಂಟು ಭಾಗಗಳನ್ನು ಒಟ್ಟಿಗೆ ಅಲ್ಲ, ಒಂದೊಂದಾಗಿ ನುಡಿಸಿ ಬರೆಸಿದೆವು. ಒಂದೇ ತಂತಿಯಲ್ಲಿ ಎಲ್ಲವೂ ನುಗ್ಗಿದರೆ ಒಂದರ ಹಿಂದೆ ಒಂದು ಕಾಯಬೇಕಾಗುತ್ತದೆ. ಒಟ್ಟಿಗೆ ಬೀಳಬೇಕಾದ ಪೆಟ್ಟುಗಳು ಕೂದಲೆಳೆಯಷ್ಟು ಹಿಂದೆಮುಂದೆ ಆಗುತ್ತವೆ. ಹೀಗೆ ಹತ್ತು ಹಾಡಿಗೆ ಎರಡು ದಿನ ಹಿಡಿಯಿತು.

ಪ್ರತಿಯಲ್ಲಿ ತಪ್ಪಿದ್ದು

ಮೂರನೆಯ ದಿನ ಸಂಜೆ, ಕೀಬೋರ್ಡಿನ ತಂತಿ ಕಳಚಿ, ಕಂಪ್ಯೂಟರಿನ ವಾದ್ಯಗಳಿಂದಲೇ ‘ಭಜನೆ 1’ ನುಡಿಸಿದ. ನಾನು ದಂಗಾದೆ. ತಬಲಾ ಇರಬೇಕಾದಲ್ಲಿ ದನದ ಕೊರಳ ಗಂಟೆ! ಎಂ1 ಹುಟ್ಟಿದ್ದು 1988ರಲ್ಲಿ. ತಾಳವಾದ್ಯಗಳ ಪಟ್ಟಿ ಒಪ್ಪಿತವಾದದ್ದು 1991ರಲ್ಲಿ. ಅಣ್ಣ ಯಾವ ಮನೆಗೆ ಯಾವ ಪೆಟ್ಟು ಇರಿಸಿದ್ದನೋ ಅದು ಅವನ ಕೀಬೋರ್ಡಿಗೆ ಮಾತ್ರ ಗೊತ್ತು. ಬರಹದಲ್ಲಿ ಇರುವುದು ಮನೆಯ ಸಂಖ್ಯೆ ಮಾತ್ರ. ಒಂದೊಂದು ಮನೆಯನ್ನೂ ಒತ್ತಿ, ಕೇಳಿ, ಕಾಗದದಲ್ಲಿ ಪಟ್ಟಿ ಮಾಡಿದೆವು.

ಅದಕ್ಕಿಂತಲೂ ಮನಸ್ಸಿಗೆ ನೋವಾದದ್ದು ಕೊಳಲಿನಿಂದ. ಅಣ್ಣನಿಗೆ ಗಮಕದ ಹುಚ್ಚು. ಕೀಬೋರ್ಡಿನ ಎಡಕ್ಕೆ ಇರುವ ಸಣ್ಣ ಕೋಲನ್ನು ಬೆರಳಿನಿಂದ ದೂಡಿ, ಷಡ್ಜದಿಂದ ಪಂಚಮಕ್ಕೆ ಒಂದೇ ಉಸಿರಿನಲ್ಲಿ ಜಾರುವುದು ಅವನ ಗುರುತು. ಕಂಪ್ಯೂಟರಿನಲ್ಲಿ ಆ ಕೊಳಲು ಪಂಚಮಕ್ಕೆ ಹೋಗಲೇ ಇಲ್ಲ. ಶುದ್ಧ ಋಷಭದ ಹತ್ತಿರ ಹೋಗಿ ಮುಗ್ಗರಿಸಿ ನಿಂತಿತು. ಬರಹ ಕೆಟ್ಟಿತೆಂದು ಭಾವಿಸಿದೆ. ಅಳಿಯ ಲೆಕ್ಕ ಮಾಡಿ ತೋರಿಸಿದ. ಕೋಲನ್ನು ಎಷ್ಟು ದೂಡಿದ್ದೆಂಬುದು ಬರಹದಲ್ಲಿ ಇದೆ. ಪೂರ್ತಿ ದೂಡಿದರೆ ಎಷ್ಟು ಏರಬೇಕೆಂಬುದು ಬರಹದಲ್ಲಿ ಇಲ್ಲ, ವಾದ್ಯದ ಹೊಂದಿಕೆಯಲ್ಲಿ ಇದೆ. ಅಣ್ಣ ಅದನ್ನು ಹನ್ನೆರಡು ಸ್ವರಸ್ಥಾನಗಳಿಗೆ ಇರಿಸಿದ್ದ. ಕಂಪ್ಯೂಟರಿನ ರೂಢಿ ಎರಡು. ಹನ್ನೆರಡರಲ್ಲಿ ಏಳು ಪಾಲು ದೂಡಿದರೆ ಅಲ್ಲಿ ಏಳು ಸ್ಥಾನ ಏರಿ ಪಂಚಮವಾಗುತ್ತದೆ. ಇಲ್ಲಿ ಒಂದಕ್ಕಿಂತ ತುಸು ಹೆಚ್ಚು ಏರಿ ನಿಲ್ಲುತ್ತದೆ. ಎರಡನ್ನು ಹನ್ನೆರಡು ಮಾಡಿದ. ಕೊಳಲು ಜಾರಿತು, ಪಂಚಮ ಮುಟ್ಟಿತು. ಅಡುಗೆಮನೆಯಲ್ಲಿದ್ದ ಅತ್ತಿಗೆ ಹೊರಗೆ ಬಂದು ಬಾಗಿಲ ಬಳಿ ನಿಂತರು. ಏನೂ ಹೇಳಲಿಲ್ಲ.

ಆಮೇಲೆ ನಮ್ಮಿಬ್ಬರ ನಡುವೆ ಒಂದು ಸಣ್ಣ ಜಗಳ ನಡೆಯಿತು. ಪರದೆಯಲ್ಲಿ ತಬಲಾದ ಪೆಟ್ಟುಗಳು ಮಾತ್ರೆಯ ಗೆರೆಗಿಂತ ತುಸು ಹಿಂದೆ ಬಿದ್ದಿರುವುದು ಕಾಣುತ್ತಿತ್ತು. “ಒಂದು ಗುಂಡಿ ಒತ್ತಿದರೆ ಎಲ್ಲವೂ ಗೆರೆಯ ಮೇಲೆ ಕೂರುತ್ತವೆ ಮಾವ, ಸರಿ ಮಾಡಲೇ?” ಎಂದ. ಬೇಡವೆಂದೆ. ಅಣ್ಣ ತಬಲಾವನ್ನು ಕೈಯಿಂದಲೇ ಬಾರಿಸಿ ತುಂಬುತ್ತಿದ್ದ. ಆ ತುಸು ತಡವೇ ಅವನ ಕೈ. ಹಳೆಯ ಓಲೆಗಳನ್ನು ಪ್ರತಿ ಎತ್ತುವಾಗ ಲಿಪಿಕಾರರು ತಮಗೆ ಅರ್ಥವಾಗದ ಶಬ್ದವನ್ನು ತಿದ್ದಿಬಿಟ್ಟು, ನಿಜವಾದ ಪಾಠ ಎಂದೆಂದಿಗೂ ಕಳೆದುಹೋದ ಉದಾಹರಣೆಗಳನ್ನು ಪಾಠಾಂತರ ನೋಡುವವರೆಲ್ಲ ಬಲ್ಲರು. ಹಳೆಯ ಯಂತ್ರಗಳು ಒಂದು ಮಾತ್ರೆಯನ್ನು 24, 48 ಅಥವಾ 96 ಪಾಲು ಮಾಡುತ್ತಿದ್ದವು. ಈಗಿನ ಸಾಫ್ಟ್‌ವೇರುಗಳು 480 ಅಥವಾ 960 ಪಾಲು ಮಾಡುತ್ತವೆ. ಹಳೆಯದರಲ್ಲಿ ಇದ್ದ ತಡವನ್ನು ಹೊಸದು ಧಾರಾಳವಾಗಿ ಹಿಡಿಯಬಲ್ಲದು. ಹಿಡಿಯುವ ಶಕ್ತಿ ಇರುವಾಗ ಅಳಿಸುವುದೇಕೆ? ಕೊನೆಗೆ ರಾಜಿಯಾಯಿತು. ಮೂಲದ ಪ್ರತಿಯನ್ನು ಮುಟ್ಟುವುದಿಲ್ಲ. ತಿದ್ದುವುದಿದ್ದರೆ ಬೇರೆ ಹೆಸರಿನ ಇನ್ನೊಂದು ಪ್ರತಿಯಲ್ಲಿ. ಇದು ಎಲ್ಲರೂ ಪಾಲಿಸಬೇಕಾದ ಕ್ರಮವೆಂದು ಈಗಲೂ ಹೇಳುತ್ತೇನೆ.

ಬರೆಯದೆ ಬಿಟ್ಟ ಸ್ವರ

ಎಲ್ಲ ಮುಗಿಯಿತೆಂದು ‘ಶಾಲೆ’ ಎಂಬ ಹಾಡನ್ನು ತೆರೆದೆವು. ತಂಬೂರದಂತಹ ಶ್ರುತಿ ಇದೆ, ಮಂದ್ರ ಇದೆ, ತಬಲಾ ಇದೆ, ನಡುನಡುವೆ ಕೊಳಲಿನ ಉತ್ತರ ಇದೆ. ಹಾಡಿನ ಮಟ್ಟು ಮಾತ್ರ ಇಲ್ಲ. ಎಲ್ಲಿಯೂ ಇಲ್ಲ. ಯಂತ್ರ ಕೆಟ್ಟು ಹೋದದ್ದಲ್ಲ. ಅಣ್ಣ ಅದನ್ನು ಬರೆದೇ ಇರಲಿಲ್ಲ. ಹಾಡುವುದು ಮಕ್ಕಳ ಕೆಲಸವಾದ್ದರಿಂದ ಆ ಜಾಗವನ್ನು ಅವರಿಗಾಗಿ ಖಾಲಿ ಬಿಟ್ಟಿದ್ದ.

ಆ ಶಾಲೆಯಲ್ಲಿ ಪಾಠ ಹೇಳಿದವನಾದರೂ ಆ ಮಟ್ಟು ನನಗೆ ಪೂರ್ತಿ ನೆನಪಿಗೆ ಬರಲಿಲ್ಲ. ನಾಚಿಕೆಯಾಯಿತು. ಮೂರು ದಿನದಿಂದ ಯಂತ್ರದ ನೆನಪು ಹೋಗದಂತೆ ಕಾದವನು ನನ್ನ ನೆನಪನ್ನು ಎಂದು ಕಳಕೊಂಡೆ? ಒಬ್ಬಿಬ್ಬರನ್ನು ಕೇಳಿ, ಕೊನೆಗೆ ಆ ಕಾಲದಲ್ಲಿ ಐದನೆಯ ತರಗತಿಯಲ್ಲಿದ್ದ, ಈಗ ತಾನೇ ಅಧ್ಯಾಪಿಕೆಯಾಗಿರುವ ಒಬ್ಬ ಶಿಷ್ಯೆಗೆ ಫೋನು ಮಾಡಿದೆವು. ಅವಳ ಮನೆಮಾತು ಮಲಯಾಳ. ಮನೆ ಹತ್ತಿರವೆಂದು ಅವಳ ತಂದೆ ಕನ್ನಡ ಶಾಲೆಗೆ ಸೇರಿಸಿದ್ದರು. “ಸಾರ್, ಶುರುವಿನ ಕೊಳಲು ಸ್ವಲ್ಪ ಕೇಳಿಸಿ” ಎಂದಳು. ಕೇಳಿಸಿದೆವು. ಕೊಳಲು ನಿಂತ ಕಡೆ ಅವಳು ಫೋನಿನಲ್ಲೇ ಎತ್ತಿಕೊಂಡಳು. ಮೂರು ನುಡಿಯನ್ನೂ ಒಂದು ಅಕ್ಷರ ತಪ್ಪದೆ ಹಾಡಿದಳು. ಅಳಿಯ ಅದನ್ನೂ ಮುದ್ರಿಸಿಕೊಂಡು ‘ಶಾಲೆ’ಯ ಪಕ್ಕದಲ್ಲಿ ಇರಿಸಿದ.

ಆಗ ನನಗೆ ತಿಳಿದದ್ದು ಇಷ್ಟು. ಇಂಥ ಹಾಡು ಮೂರು ಕಡೆ ಹಂಚಿಹೋಗಿರುತ್ತದೆ. ಬರಹ ಒಂದು ಕಡೆ, ಅದನ್ನು ಓದುವ ವಾದ್ಯ ಒಂದು ಕಡೆ, ಬರೆಯದೆ ಬಿಟ್ಟದ್ದು ಜನರಲ್ಲಿ. ಬರಹವನ್ನು ಕಂಪ್ಯೂಟರಿಗೆ ದಾಟಿಸುವುದು ಮೂರು ದಿನದ ಕೆಲಸ. ವಾದ್ಯವನ್ನು ರಿಪೇರಿ ಮಾಡಿಸಿ ಇಟ್ಟುಕೊಳ್ಳಬಹುದು. ಜನರಲ್ಲಿ ಇರುವುದನ್ನು ಮಾತ್ರ ಅವರು ಇರುವಾಗಲೇ ಕೇಳಿಕೊಳ್ಳಬೇಕು. ಅದಕ್ಕೆ ಎಚ್ಚರಿಕೆ ಕೊಡುವ ಪರದೆ ಇಲ್ಲ.

ಮುಂದಿನ ವಾರ ಮಂಗಳೂರಿನ ಮೆಕ್ಯಾನಿಕ್ ಒಬ್ಬರು ಕೀಬೋರ್ಡಿನ ಬೆಸುಗೆ ಬಿಡಿಸಿ ಹೊಸ ಬ್ಯಾಟರಿ ಕೂರಿಸಿದರು. ಹತ್ತು ಹಾಡೂ ಅಳಿಸಿಹೋದವು. ಮನೆಗೆ ತಂದು, ಕಾಪಿಟ್ಟ ಗಂಟನ್ನು ಕಂಪ್ಯೂಟರಿನಿಂದ ಹಿಂದೆ ಕೊಟ್ಟೆವು. ಹತ್ತೂ ಮರಳಿ ಬಂದವು. ಸಮಾರಂಭದ ದಿನ ಹಿಮ್ಮೇಳ ನುಡಿಸಿದ್ದು ಕಂಪ್ಯೂಟರಲ್ಲ, ಅಣ್ಣನ ಕೀಬೋರ್ಡೇ. ನಲವತ್ತು ದಾಟಿದ ಹಳೆಯ ಮಕ್ಕಳೂ ಅವರ ಮಕ್ಕಳೂ ಒಟ್ಟಿಗೆ ನಿಂತು ಹಾಡಿದರು. ಹಿರಿಯರು ಕೊಳಲು ಮುಗಿಯುವುದನ್ನು ಕಾದು ಎತ್ತಿಕೊಂಡರು. ಕಿರಿಯರು ಅವರ ಮುಖ ನೋಡಿ ಎತ್ತಿಕೊಂಡರು.

ಇದನ್ನು ಓದುವವರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಇಂಥ ಪೆಟ್ಟಿಗೆ ಇದ್ದರೆ, ಈ ಮಳೆಗಾಲಕ್ಕೆ ಮುಂಚೆ ತೆರೆದು ನೋಡಿರಿ. ಬ್ಯಾಟರಿ ಬದಲಾಯಿಸುವ ಮೊದಲು ಪ್ರತಿ ಎತ್ತಿರಿ, ಪ್ರತಿ ಎತ್ತುವಾಗ ತಿದ್ದಬೇಡಿರಿ. ಮತ್ತೆ, ಅದರೊಡನೆ ಹಾಡಿದವರು ಯಾರೆಂದು ವಿಚಾರಿಸಿ ಅವರ ಮನೆಗೊಮ್ಮೆ ಹೋಗಿ ಬನ್ನಿರಿ.